ಎಂಟು ಪ್ರಶ್ನೆ ಹಿಡಿದು ಮನೆಮನೆಗೆ

'ಕಳೆದ ಹನ್ನೆರಡು ತಿಂಗಳಲ್ಲಿ, ದುಡ್ಡಿಲ್ಲದ ಕಾರಣಕ್ಕೆ, ಮನೆಯಲ್ಲಿ ಊಟಕ್ಕೆ ಸಾಲದೆ ಹೋದೀತು ಅಂತ ಯಾವಾಗಲಾದರೂ ಚಿಂತೆ ಆಗಿತ್ತಾ?'

ಟ್ಯಾಬ್‌ನಲ್ಲಿದ್ದ ಮೊದಲ ಪ್ರಶ್ನೆ ಇದು. ಇಂಥವು ಒಟ್ಟು ಎಂಟು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಮಾಡಿಕೊಟ್ಟ ಅಳತೆಗೋಲು. 2014ರಿಂದ ನೂರಕ್ಕೂ ಹೆಚ್ಚು ದೇಶಗಳಲ್ಲಿ ಇವನ್ನೇ ಕೇಳುತ್ತಾ ಬಂದಿದ್ದಾರೆ. ಚಿಂತೆಯಿಂದ ಶುರುವಾಗುತ್ತೆ. ಮೈಗೆ ಹಿಡಿಯುವಂಥ ಊಟ ಸಿಗಲಿಲ್ಲವಾ, ಒಂದೆರಡು ಬಗೆಯಲ್ಲೇ ದಿನ ದೂಡಿದಿರಾ, ಒಂದು ಹೊತ್ತಿನ ಊಟ ಬಿಟ್ಟಿರಾ, ಸಾಲದಷ್ಟು ಉಂಡು ಎದ್ದಿರಾ, ಮನೆಯಲ್ಲಿ ದವಸ ಪೂರ್ತಿ ಮುಗಿದುಹೋಗಿತ್ತಾ, ಹಸಿದರೂ ಉಣ್ಣದೆ ಇದ್ದಿರಾ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಒಂದಿಡೀ ದಿನ ಏನೂ ತಿನ್ನದೆ ಕಳೆದಿರಾ ಎಂಬಲ್ಲಿ ನಿಲ್ಲುತ್ತೆ. ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ಕೂತು ಓದಿದರೆ ಐದು ನಿಮಿಷದ ಕೆಲಸ.

ನಾನು ಕೊರಟಗೆರೆ ಕಡೆಯವಳು. ಎಂಎಸ್‌ಡಬ್ಲ್ಯು ಮುಗಿಸಿ ತುಮಕೂರಿನಲ್ಲಿ ಕೆಲಸ ಹುಡುಕುತ್ತಿದ್ದಾಗ ಒಂದು ಸಂಸ್ಥೆಯವರು ಸಮೀಕ್ಷೆಗೆ ಜನ ಬೇಕು ಎಂದರು. 2025ರ ಬೇಸಿಗೆ, ಮಧುಗಿರಿ ಮತ್ತು ಪಾವಗಡ ತಾಲ್ಲೂಕುಗಳ ಹಳ್ಳಿಗಳು. ಯಾರ ಮನೆಯಲ್ಲಿ ಉಣ್ಣೋದಕ್ಕೆ ಕೊರತೆ ಇದೆ, ಯಾರು ಯಾವ ಸರ್ಕಾರಿ ದವಸದ ಮೇಲೆ, ಯಾವ ಸರ್ಕಾರಿ ಊಟದ ಮೇಲೆ ನಿಂತಿದ್ದಾರೆ ಎಂದು ತಿಳಿದು ಬರುವುದು ನಮ್ಮ ಪಾಲಿಗೆ ಬಂದ ಕೆಲಸ. ಸಂಬಳ ಅಷ್ಟಕ್ಕಷ್ಟೆ. ಹೆಂಗಸರಿಗೆ ಬಸ್ ಫ್ರೀ ತಾನೇ ಎಂದು ಖರ್ಚಿಗೆ ಕಡಿಮೆ ಕೊಟ್ಟರು. ಒಳಗಿನ ಹಳ್ಳಿಗಳಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಆ ಮಾತು ನಡೆಯಲ್ಲ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ತರಬೇತಿಯಲ್ಲಿ ಹೇಳಿಕೊಟ್ಟ ಮುಖ್ಯ ವಿಷಯ ಒಂದೇ. ಎಂಟನೆಯದಕ್ಕೆ ಹೌದು ಅಂದವರು ಮೊದಲಿನವಕ್ಕೂ ಸಾಮಾನ್ಯವಾಗಿ ಹೌದು ಅಂದಿರುತ್ತಾರೆ. ಹಸಿವು ಮನೆಗೆ ಬರುವುದು ಈ ಕ್ರಮದಲ್ಲೇ. ಮೊದಲು ಚಿಂತೆ, ಆಮೇಲೆ ಬೇಳೆ-ಮೊಟ್ಟೆಗೆ ಕತ್ತರಿ, ಆಮೇಲೆ ಅಳತೆಗೆ ಕತ್ತರಿ, ಕೊನೆಗೆ ಒಲೆಗೇ ರಜೆ. ಕ್ರಮ ತಪ್ಪಿದ ಉತ್ತರ ಬಂದರೆ ಮತ್ತೆ ನಿಧಾನವಾಗಿ ಕೇಳಿ ಎಂದರು.

ಮಿಡಿಗೇಶಿ ಕಡೆಯ ಊರೊಂದರಲ್ಲಿ ಶುರು ಮಾಡಿದೆವು. ಜಗಲಿ ಮೇಲೆ ಕೂತು ಕೇಳಿದ್ದಕ್ಕೆಲ್ಲ ಒಂದೇ ಉತ್ತರ: ಇಲ್ಲ. ಚಿಂತೆ ಇಲ್ಲ, ಕೊರತೆ ಇಲ್ಲ, ಊಟ ಬಿಟ್ಟಿಲ್ಲ. ಪಕ್ಕದ ಮನೆಯವರು ಕಂಬಕ್ಕೆ ಒರಗಿ ಕೇಳಿಸಿಕೊಳ್ಳುತ್ತಿರುವಾಗ 'ನಮ್ಮನೇಲಿ ಹಿಟ್ಟಿರಲಿಲ್ಲ' ಎಂದು ಯಾವ ಹೆಂಗಸು ಹೇಳುತ್ತಾಳೆ? ಗಂಡಸರು ಇದ್ದರಂತೂ ಮುಗಿಯಿತು. 'ನಮ್ಗೇನ್ ಮೇಡಂ ಕಮ್ಮಿ, ದೇವ್ರು ಕೊಟ್ಟವ್ನೆ' ಎಂದು ಹೆಂಡತಿ ಬಾಯಿ ತೆರೆಯುವ ಮೊದಲೇ ಉತ್ತರ ಬರುತ್ತಿತ್ತು.

ಇನ್ನೊಂದು ಕೇರಿಯಲ್ಲಿ ಪೂರಾ ಉಲ್ಟಾ. ಎಂಟಕ್ಕೆ ಎಂಟೂ ಹೌದು. ಅಂಗಳದಲ್ಲಿ ನಿಂತಿದ್ದ ಬೈಕಿಗೆ ಯಾರೋ ಗೋಣಿಚೀಲ ಹೊದಿಸಿದ್ದರು. ಒಂದು ಮನೆಯಲ್ಲಿ ಫ್ರಿಜ್ಜಿನ ಮೇಲೆ ಸೀರೆ ಹಾಕಿ ದೇವರ ಪಟ ಇಟ್ಟುಬಿಟ್ಟಿದ್ದರು. ಹಿಂದಿನ ನವೆಂಬರಿನಲ್ಲಿ, ಅಂದರೆ 2024ರಲ್ಲಿ, ಬಿಪಿಎಲ್ ಕಾರ್ಡ್ ರದ್ದು ಮಾಡುವ ಗಲಾಟೆ ರಾಜ್ಯದ ತುಂಬಾ ಎದ್ದಿತ್ತಲ್ಲ, ಅದರ ಬಿಸಿ ಇನ್ನೂ ಆರಿರಲಿಲ್ಲ. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಮಾಡುತ್ತೇವೆ ಎಂದು ಆಮೇಲೆ ಸರ್ಕಾರ ಹೇಳಿತು ನಿಜ. ಆದರೆ ಟ್ಯಾಬ್ ಹಿಡಿದುಕೊಂಡು ಬಂದ ಹುಡುಗಿ ಕಾರ್ಡ್ ಕಿತ್ತುಕೊಳ್ಳೋಕೆ ಬಂದವಳೇ ಅಂತ ಕೇರಿಗೆ ಕೇರಿಯೇ ನಂಬಿತ್ತು. 'ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲಮ್ಮ' ಅಂದರೆ, 'ಹಂಗಾದ್ರೆ ಯಾಕ್ ಕಾರ್ಡ್ ನಂಬರ್ ಕೇಳ್ತೀಯಾ?' ಅಂದರು. ನ್ಯಾಯವಾದ ಪ್ರಶ್ನೆ. ಮೇಲಿನವರಿಗೆ ಫೋನ್ ಮಾಡಿ ನಂಬರಿನ ಕಾಲಂ ತೆಗೆಸಿದೆವು.

ನಿಜ ಹೊರಬರಲು ಶುರುವಾದದ್ದು ಹುಣಸೆಹಣ್ಣಿನ ರಾಶಿಯ ಮುಂದೆ. ಶಿವರಾತ್ರಿಯಿಂದಾಚೆ ಆ ಕಡೆ ಮನೆಮನೆಯಲ್ಲೂ ಅದೇ ಕೆಲಸ. ವ್ಯಾಪಾರಸ್ಥರು ಮೂಟೆ ತಂದು ಹಾಕುತ್ತಾರೆ. ಹೆಂಗಸರು ಓಡು ಒಡೆದು, ನಾರು ಎಳೆದು, ಬೀಜ ಬಿಡಿಸಿ ಕೊಡಬೇಕು. ತೂಕದ ಮೇಲೆ ಕೂಲಿ. ನಾನೂ ಕೂತು ಬಿಡಿಸತೊಡಗಿದೆ. ಕೈ ಕೆಲಸದಲ್ಲಿದ್ದಾಗ ಯಾರೂ ಯಾರ ಮುಖವನ್ನೂ ನೋಡಬೇಕಿಲ್ಲ, ಗಂಡಸರೂ ಹತ್ತಿರ ಸುಳಿಯುವುದಿಲ್ಲ. 'ಕಳೆದ ಹನ್ನೆರಡು ತಿಂಗಳು' ಎಂಬ ಲೆಕ್ಕ ಬಿಟ್ಟು, 'ಹೋದ್ ಆಷಾಢದಲ್ಲಿ ಹೆಂಗ್ ಮಾಡಿದ್ರಿ ಅಕ್ಕಾ?' ಎಂದು ಕೇಳಿದೆ. ಆಗ ಬಂತು ನೋಡಿ ಮಾತು.

ಆ ಸೀಮೆಯ ವರ್ಷ ಹೀಗೆ ಓಡುತ್ತೆ. ರಾಗಿ, ಕಡಲೆಕಾಯಿ ಮನೆಗೆ ಬರುವುದು ದೀಪಾವಳಿಯಿಂದ ಸಂಕ್ರಾಂತಿಯೊಳಗೆ, ಮಳೆ ಕೈ ಹಿಡಿದಿದ್ದರೆ. ಯುಗಾದಿವರೆಗೆ ಹೊಟ್ಟೆಗೆ ತೊಂದರೆ ಇಲ್ಲ. ಆಮೇಲೆ ಹುಣಸೆ ಕೂಲಿ ಒಂದಿಷ್ಟು ದಿನ ಎಳೆಯುತ್ತೆ. ಜೂನ್, ಜುಲೈ ಬಂದಾಗ ಬಿತ್ತನೆ ಬೀಜಕ್ಕೆ, ಗೊಬ್ಬರಕ್ಕೆ, ಮಕ್ಕಳ ಸ್ಕೂಲು-ಪುಸ್ತಕಕ್ಕೆ ಒಟ್ಟಿಗೇ ದುಡ್ಡು ಬೇಕು. ರಾಗಿ ವಾಡೆಯಲ್ಲಿ ತಳ ಕಾಣುತ್ತಿರುತ್ತೆ. ಹೊಸ ಸೊಪ್ಪು ಇನ್ನೂ ಎದ್ದಿರುವುದಿಲ್ಲ. ಮಳೆ ಬಿದ್ದು ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಚಿಗುರಿದರೆ ಸಾರಿಗೆ ಒಂದು ದಾರಿಯಾಯಿತು. ಅಲ್ಲಿತನಕ ಹುಣಸೆಗೊಜ್ಜು, ಉಪ್ಪು, ಒಣಮೆಣಸಿನಕಾಯಿ. ಮೂರನೆಯ ಪ್ರಶ್ನೆಗೆ, ಒಂದೆರಡು ಬಗೆಯಲ್ಲೇ ದಿನ ದೂಡಿದಿರಾ ಎಂಬುದಕ್ಕೆ, ಆ ರಾಶಿಯ ಸುತ್ತ ಕೂತಿದ್ದವರಲ್ಲಿ ಇಲ್ಲ ಅಂದವರೇ ಇಲ್ಲ.

ಮಾತಿನ ನಡುವೆ 'ಸಂಘ', ಅಂದರೆ ಹೆಂಗಸರು ಗುಂಪು ಕಟ್ಟಿಕೊಂಡು ತೆಗೆದ ಸಾಲ, ಬರುತ್ತಲೇ ಇತ್ತು. ವಾರದ ಕಂತು. ಕಂತು ತಪ್ಪಿದರೆ ಗುಂಪಿನ ಉಳಿದ ಹೆಂಗಸರು ಮನೆ ಬಾಗಿಲಿಗೆ ಬಂದು ಕೂರುತ್ತಾರೆ. ಕರೆಂಟು ಬಿಲ್ಲು ಕಟ್ಟದಿದ್ದರೆ ಫ್ಯೂಸು ಕೀಳುತ್ತಾರೆ. ಹೊಟ್ಟೆ ಮಾತ್ರ ಬಾಗಿಲಿಗೆ ಬಂದು ಗಲಾಟೆ ಮಾಡುವುದಿಲ್ಲ, ಹಾಗಾಗಿ ಕತ್ತರಿ ಬೀಳುವುದು ಅದಕ್ಕೇ. 'ಸೋಮವಾರ ಕಂತು ಅಂದ್ರೆ ಭಾನುವಾರ ಸಂಜೆ ಬೇಳೆ ಡಬ್ಬ ತೆಗೆಯಲ್ಲ ಕಣವ್ವ' ಅಂದಳು ಒಬ್ಬಾಕೆ, ನಗುತ್ತಲೇ.

ರೇಷನ್ ಕೊಡುವ ದಿನ ಸೊಸೈಟಿ ಮುಂದೆ ಕೂತು ನೋಡಿ ಎಂದು ನಮಗೆ ಹೇಳಿದ್ದರು. ತಿಂಗಳ ಮಧ್ಯದಲ್ಲಿ ಲೋಡು ಬಂತು. ಬೆಳಗಿನ ಆರಕ್ಕೇ ಚೀಲಗಳು ಸಾಲಾಗಿ ಕೂತಿದ್ದವು. ಚೀಲದ ಮೇಲೆ ಕಲ್ಲು, ಜನ ಮರದ ನೆರಳಲ್ಲಿ. ಯಂತ್ರಕ್ಕೆ ಬೆರಳು ಕೊಡಬೇಕು, ಅದು ಒಪ್ಪಬೇಕು, ಆಮೇಲೆ ತೂಕ. ಹುಣಸೆ ಬಿಡಿಸಿದ ಬೆರಳು ಎಲ್ಲಿಂದ ಒಪ್ಪುತ್ತೆ? ಹುಳಿ ಹತ್ತಿ ತುದಿಯ ಚರ್ಮ ಸುಲಿದು ನುಣ್ಣಗಾಗಿರುತ್ತೆ. ಒಬ್ಬ ಅಕ್ಕ ಹೆಬ್ಬೆಟ್ಟು ಇಟ್ಟಳು, ಆಗಲಿಲ್ಲ. ಸೆರಗಿಗೆ ಒರೆಸಿ ತೋರುಬೆರಳು, ಆಗಲಿಲ್ಲ. ಅಂಗಡಿಯಣ್ಣ ಮೇಜಿನ ಕೆಳಗಿಂದ ಕೊಬ್ಬರಿಎಣ್ಣೆ ಬಾಟಲಿ ತೆಗೆದು ಒಂದು ತೊಟ್ಟು ಹಾಕಿದ. ಉಜ್ಜಿ, ಒರೆಸಿ, ಉಂಗುರದ ಬೆರಳಿಟ್ಟಾಗ ಯಂತ್ರ ಕಿರ್ ಅಂತ ಚೀಟಿ ಕಕ್ಕಿತು. ಹಿಂದಿದ್ದವರು 'ಬಂತು ಬಂತು' ಅಂದರು. ಸರ್ವರ್ ಕೈಕೊಟ್ಟ ದಿನ ಟೋಕನ್ ಬರೆದುಕೊಟ್ಟು ನಾಳೆ ಬನ್ನಿ ಅನ್ನುತ್ತಾರೆ; ನಾಳೆ ಅಂದರೆ ಇನ್ನೊಂದು ದಿನದ ಕೂಲಿ ಹೋಯಿತು.

ಸಾಲಿನಲ್ಲಿ ಯಾರಿದ್ದರು ಅಂದರೆ, ಊರೇ ಇತ್ತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಹಳ್ಳಿಗಾಡಿನ ಜನರಲ್ಲಿ ಶೇ 75ರಷ್ಟು, ಪಟ್ಟಣದವರಲ್ಲಿ ಶೇ 50ರಷ್ಟು ಮಂದಿಯವರೆಗೆ ದವಸ ಕೊಡಬೇಕೆಂದು ಹೇಳುತ್ತೆ. ಬಡತನ ಅಂದರೆ ಊರಾಚೆ ಗುಡಿಸಲಲ್ಲಿರುವ ನಾಲ್ಕು ಮನೆ ಎಂದುಕೊಂಡವರು ಈ ಅಂಕಿ ಒಮ್ಮೆ ನೋಡಬೇಕು. ಎರಡು ಎಕರೆ ಹೊಲ ಇದ್ದವರು, ಮಗಳನ್ನು ನರ್ಸಿಂಗ್ ಓದಿಸುತ್ತಿರುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಹಾಲಿನ ಡೇರಿಗೆ ಹಾಲು ಹಾಕುವವರು, ಎಲ್ಲರೂ ಇದ್ದರು. ದುಡಿಯದೆ ಕೂತು ತಿನ್ನುವವರನ್ನು ಹುಡುಕಿದ್ದರೆ ನಾನು ಬರಿಗೈಯಲ್ಲಿ ಬರುತ್ತಿದ್ದೆ. ದುಡಿಮೆ ಇದೆ, ಅದು ತಿಂಗಳ ಮೂವತ್ತು ದಿನಕ್ಕೆ ಹರಡುವುದಿಲ್ಲ, ಅಷ್ಟೇ ವಿಷಯ.

ತೀರಾ ಬಡವರಿಗೆ ಕೊಡುವ ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆಜಿ, ಉಳಿದ ಬಿಪಿಎಲ್‌ಗೆ ತಲೆಗೆ ಕೇಂದ್ರದ 5 ಕೆಜಿ. 2023ರ ಜನವರಿಯಿಂದ ಇದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಇದರ ಮೇಲೆ ರಾಜ್ಯದ ಅನ್ನಭಾಗ್ಯ. 2013ರ ಜುಲೈನಲ್ಲಿ ಕೆಜಿಗೆ ರೂಪಾಯಿಯಂತೆ ಶುರುವಾದದ್ದು ಎಷ್ಟು ಸಲ ರೂಪ ಬದಲಿಸಿದೆ ಅಂದರೆ, ನಮ್ಮ ಫಾರಂನಲ್ಲಿ 'ಈಗ ಎಷ್ಟು ಸಿಗುತ್ತೆ' ಎಂಬ ಕಾಲಂ ತುಂಬಲು ಜನ ತಡವರಿಸುತ್ತಿದ್ದರು. 2023ರಲ್ಲಿ ಹೆಚ್ಚುವರಿ 5 ಕೆಜಿ ಕೊಡುತ್ತೇವೆಂದಾಗ ಕೇಂದ್ರದಿಂದ ಅಕ್ಕಿ ಸಿಗದೆ, ಕೆಜಿಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಖಾತೆಗೆ ಹಾಕಿದರು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂತು. ನಾವು ಹೋದಾಗ ಆ ಬದಲಾವಣೆ ಇನ್ನೂ ಹಸಿಯಾಗಿತ್ತು, ಹಾಗಾಗಿ ಯಾವುದು ವಾಸಿ ಎಂದು ಕೇಳಿದೆ. ಗಂಡಸರಲ್ಲಿ ಕೆಲವರು ದುಡ್ಡೇ ವಾಸಿ ಅಂದರು. ಹೆಂಗಸರು ಬಹುಪಾಲು ಅಕ್ಕಿ ಅಂದರು. ಕಾರಣ ಕೇಳಿದ್ದಕ್ಕೆ ಒಬ್ಬಳು 'ಅಕ್ಕೀನ ಯಾರೂ ಬಾರಿಗೆ ತಗಂಡ್ ಹೋಗಲ್ಲ' ಅಂದಳು. ಪಕ್ಕದವಳು ತಡೆದಳು: 'ಅದ್ನೂ ಮಾರ್ಕಂಡ್ ಕುಡಿಯೋರ್ ಅವ್ರೆ ಬುಡೇ.'

ಅಕ್ಕಿ ಮಾರುವ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಬೇರೆ. ಪಟ್ಟಣದಲ್ಲಿ ಕೂತವರು ಇದನ್ನು ದೊಡ್ಡ ಅನ್ಯಾಯದಂತೆ ಮಾತಾಡುತ್ತಾರೆ. ನಾವು ಹೋದಾಗ ನಾಲ್ಕು ಜನರ ಮನೆಗೆ 40 ಕೆಜಿ ಬರುತ್ತಿತ್ತು. ರಾಗಿ ಮುದ್ದೆ ಉಣ್ಣುವ ಸೀಮೆ ಇದು. ಬೇಳೆ ಇಲ್ಲ, ಎಣ್ಣೆ ಇಲ್ಲ. ಮನೆಯವಳು ಹತ್ತು ಕೆಜಿ ಕೊಟ್ಟು ಪಕ್ಕದ ಮನೆಯಿಂದ ರಾಗಿ ಇಸ್ಕೊಂಡರೆ ಅಥವಾ ಅಕ್ಕಿ ಮಾರಿ ಒಂದು ಪ್ಯಾಕೆಟ್ ಎಣ್ಣೆ ತಂದರೆ ಅದು ಕಳ್ಳತನಕ್ಕಿಂತ ಹೆಚ್ಚಾಗಿ ಸಂಸಾರ. ಮೂಟೆಗಟ್ಟಲೆ ಕೊಂಡು ಲಾರಿಗೆ ಹಾಕುವವನ ಲೆಕ್ಕ ಬೇರೆ, ಅವನನ್ನು ಹಿಡಿಯಲಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅನ್ನ ಇಲ್ಲದೆ ಆದದ್ದಲ್ಲ ಇದು. ಅನ್ನದ ಜೊತೆಗೆ ತಟ್ಟೆಯಲ್ಲಿ ಇನ್ನೇನೂ ಇಲ್ಲದೆ ಆದದ್ದು. 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ತೀರ್ಮಾನಿಸಿದ ಸುದ್ದಿ ಓದಿದಾಗ, ಆ ಹುಣಸೆ ರಾಶಿಯ ಹೆಂಗಸರು ಇದನ್ನೇ ಅಲ್ಲವೇ ಹೇಳಿದ್ದು ಅನ್ನಿಸಿತು.

ಸಾಲಿನಲ್ಲಿ ಇಲ್ಲದವರನ್ನು ಹುಡುಕುವುದು ಕಷ್ಟದ ಕೆಲಸ. ಕೋಳಿ ಫಾರಂನ ಶೆಡ್ಡಿನಲ್ಲಿದ್ದ ಒಡಿಶಾದ ಗಂಡ-ಹೆಂಡತಿಗೆ ತಮ್ಮೂರಿನ ಕಾರ್ಡ್ ತೋರಿಸಿ ಇಲ್ಲೂ ದವಸ ತರಬಹುದು ಎಂಬುದೇ ಗೊತ್ತಿರಲಿಲ್ಲ. ಇನ್ನೊಬ್ಬ ಆಟೊ ಓಡಿಸುವವನು. ಸಾಲ ಸಿಗಲಿ ಎಂದು ಯಾರೋ ಏಜೆಂಟ್ ಅವನ ಹೆಸರಲ್ಲಿ ಐಟಿ ರಿಟರ್ನ್ಸ್ ಹಾಕಿದ್ದ. ಒಂದು ರೂಪಾಯಿ ತೆರಿಗೆ ಕಟ್ಟಿಲ್ಲ, ಆದರೆ ಪಟ್ಟಿಯಲ್ಲಿ ತೆರಿಗೆದಾರ. ಕಾರ್ಡ್ ಹೋಯಿತು. ಮದುವೆಯಾಗಿ ಬೇರೆ ಸಂಸಾರ ಹೂಡಿದ ಹುಡುಗರು ಹೊಸ ಅರ್ಜಿ ಯಾವಾಗ ಕರೆಯುತ್ತಾರೋ ಎಂದು ಸರ್ಕಾರಿ ಅರ್ಜಿ ಹಾಕುವ ಗ್ರಾಮ ಒನ್ ಕೇಂದ್ರದ ಬಾಗಿಲು ಕಾಯುತ್ತಿದ್ದರು. ಫಲಾನುಭವಿಗಳ ಮಿತಿ ಇವತ್ತಿಗೂ ನಿಂತಿರುವುದು 2011ರ ಜನಗಣತಿಯ ಮೇಲೆ. ಆಮೇಲೆ ಹುಟ್ಟಿದ ಸಂಸಾರಗಳು ಎಷ್ಟೋ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಸಾಲಿನಲ್ಲಿ ಇಲ್ಲದ, ಕಾರ್ಡೂ ಇರುವ ಒಬ್ಬ ಅಜ್ಜಿ.

ಊರ ಕೊನೆಯ ಹೆಂಚಿನ ಮನೆ. ಎಪ್ಪತ್ತು ದಾಟಿದೆ. ಒಂದೂವರೆ ಎಕರೆ ಹೊಲ, ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಕೊಟ್ಟಿದ್ದಾಳೆ. 'ಕಾರ್ಡ್ ಐತಾ ಅಜ್ಜಿ?' ಅಂದೆ. 'ಐತವ್ವ, ನಾನೇ ಯಜಮಾನಿ' ಅಂದಳು, ಒಂಚೂರು ಬೀಗಿಕೊಂಡೇ. ಮನೆಯಲ್ಲಿ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ ಎಂದು ಕಾಯ್ದೆಯಲ್ಲೇ ಇದೆ. ಎಷ್ಟು ಜನ? ಐದು. ಎಲ್ಲಿ? ಮಗ, ಸೊಸೆ, ಮೊಮ್ಮಕ್ಕಳಿಬ್ಬರು ಬೆಂಗಳೂರಿನ ಪೀಣ್ಯದಲ್ಲಿ. ಕಾರ್ಡ್? ಅದೂ ಪೀಣ್ಯದಲ್ಲಿ. ಯಾವ ಊರಿನ ಕಾರ್ಡ್ ಆದರೂ ರಾಜ್ಯದ ಯಾವ ಅಂಗಡಿಯಲ್ಲಾದರೂ ದವಸ ತರಬಹುದು. ಕಾರ್ಡಿನಲ್ಲಿರುವ ಯಾರ ಹೆಬ್ಬೆಟ್ಟಾದರೂ ಸಾಕು. ಸೊಸೆ ತರುತ್ತಾಳೆ. ಇ-ಕೆವೈಸಿ ಮಾಡಿಸಲಿಲ್ಲವಾದರೆ ಹೆಸರು ಹೋಗುತ್ತೆ ಅಂದಾಗ ಮಗ ಬಂದು ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಬೆರಳು ಒತ್ತಿಸಿ ಬಂದಿದ್ದ. ಅಂದರೆ ಯಂತ್ರದ ಪ್ರಕಾರ ಅಜ್ಜಿ ಇದ್ದಾಳೆ, ತಿಂಗಳಿಗೆ ಹತ್ತು ಕೆಜಿ ಪಡೆಯುತ್ತಿದ್ದಾಳೆ. ಆ ಹತ್ತು ಕೆಜಿ ಬೇಯುವುದು ಪೀಣ್ಯದ ಕುಕ್ಕರಿನಲ್ಲಿ.

ನಮ್ಮ ಫಾರಂನಲ್ಲಿ ಮನೆ ಅಂದರೆ ಒಂದೇ ಒಲೆಯಲ್ಲಿ ಉಣ್ಣುವವರು. ಹಾಗಾಗಿ ನನ್ನ ಟ್ಯಾಬ್‌ನಲ್ಲಿ ಅಜ್ಜಿ ಒಬ್ಬಳೇ ಒಂದು ಮನೆ; ಕಾರ್ಡಿನಲ್ಲಿ ಅವಳು ಐದರಲ್ಲಿ ಒಬ್ಬಳು. ವೃದ್ಧರ ಪಿಂಚಣಿ, ಸಂಧ್ಯಾ ಸುರಕ್ಷಾದ 1,200 ರೂಪಾಯಿ ಬರುತ್ತೆ. ಬಿಪಿ ಮಾತ್ರೆ, ಟೀಪುಡಿ-ಸಕ್ಕರೆ, ಅಂಗಡಿ ಸಾಲ ಅಂತ ಮುಗಿಯುತ್ತೆ. ಯಜಮಾನಿ ಹೆಸರಿಗೆ ಬರುವ ಗೃಹಲಕ್ಷ್ಮಿಯ 2,000? ಅದು ಸಂಘದ ಕಂತಿಗೆ. ಮೊಮ್ಮಗನ ಫೀಸಿಗೆಂದು ತೆಗೆದ ಸಾಲ, ಅಜ್ಜಿಯ ಸಹಿಯಲ್ಲೇ.

ಎಂಟು ಪ್ರಶ್ನೆ ಕೇಳಿದೆ. ಚಿಂತೆ? 'ಚಿಂತೆ ಮಾಡಿ ಏನ್ ಬಂತು.' ಸಾಲದಷ್ಟು ಉಂಡು ಎದ್ದದ್ದು? 'ವಯಸ್ಸಾದೋರ್ಗೆ ಎಷ್ಟ್ ಬೇಕು ಮಗ.' ಹಸಿದರೂ ಉಣ್ಣದೆ ಇದ್ದದ್ದು? 'ಈ ವಯಸ್ನಾಗೆ ಹಸಿವೆಲ್ಲಿ ಆಗ್ತೈತೆ.' ಎಲ್ಲಕ್ಕೂ ಇಲ್ಲ ಎಂದು ಒತ್ತಿ ಮುಂದೆ ಹೋಗಬಹುದಿತ್ತು. ಏಳುವ ಹೊತ್ತಿಗೆ ಅಜ್ಜಿಯೇ ಕೇಳಿದಳು: 'ರಾತ್ರಿ ಹೊತ್ತು ಹೊಟ್ಟೆ ಉರಿ ಬತ್ತೈತೆ ಕಣವ್ವ, ಎದ್ದು ಎಲ್ಡ್ ಲೋಟ ನೀರ್ ಕುಡ್ದು ಮನಿಕ್ಕೋತೀನಿ. ಅದ್ಕೇನಾದ್ರೂ ಮಾತ್ರೆ ಐತಾ?'

ಮತ್ತೆ ಕೂತೆ. ನಿನ್ನೆ ಏನು ಉಂಡಿರಿ ಎಂದು ಹೊತ್ತು ಹೊತ್ತಿನ ಲೆಕ್ಕ ಕೇಳಿದೆ. ಬೆಳಿಗ್ಗೆ ಟೀ. ಹನ್ನೊಂದಕ್ಕೆ ಒಂದು ಮುದ್ದೆ, ಮೂರು ದಿನದ ಹಿಂದೆ ಮಾಡಿಟ್ಟ ಹುಣಸೆಗೊಜ್ಜು. ಸಂಜೆ ಟೀ. ರಾತ್ರಿ? 'ನಿನ್ನೆ ಸೋಮವಾರ ಅಲ್ವಾ, ಒಪ್ಪತ್ತು.' ಶನಿವಾರ? ಅದೂ ಒಪ್ಪತ್ತು. ಗುರುವಾರ? ಈಗ್ಗೆ ಒಂದು ವರ್ಷದಿಂದ ಗುರುವಾರವೂ. ಶನಿವಾರದ ಒಪ್ಪತ್ತು ಮದುವೆಯಾದಾಗಿನಿಂದ ಇದೆಯಂತೆ, ಮನೆದೇವರಿಗೆ. ಸೋಮವಾರದ್ದು ಗಂಡ ಹೋದ ಮೇಲೆ. ಗುರುವಾರದ್ದು ಶುರುವಾದದ್ದು ಮಗ ಕಾರ್ಡ್ ತೆಗೆದುಕೊಂಡು ಹೋದ ವರ್ಷ. ಯಾವ ದೇವರಿಗೆ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ. ಮೂಲೆಯಲ್ಲಿ ಹಿಟ್ಟಿನ ಡಬ್ಬ ಇತ್ತು. ಕಾಲು ಡಬ್ಬ ರಾಗಿ ಹಿಟ್ಟು, ಮೇಲೊಂದು ಪಾವು ಬೋರಲಾಗಿ ಹಾಕಿತ್ತು. ತಿಂಗಳು ಮುಗಿಯಲು ಇನ್ನೂ ಬಹಳ ದಿನ ಇತ್ತು.

ಮಗನ ಮೇಲೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಅವನ ನಂಬರ್ ಇಸ್ಕೊಂಡು ಫೋನ್ ಮಾಡಿದೆ. ಸಭ್ಯವಾಗಿಯೇ ಮಾತಾಡಿದ. ಅವನದು ಪವರ್ ಪ್ರೆಸ್ ಕೆಲಸ, ಹೆಂಡತಿಯದು ಗಾರ್ಮೆಂಟ್ಸ್. ಬಾಡಿಗೆ, ಸ್ಕೂಲು ಕಳೆದರೆ ಐವತ್ತು ಕೆಜಿ ಅಕ್ಕಿಯೇ ಆ ಮನೆಯನ್ನು ಎತ್ತಿ ಹಿಡಿದಿರುವುದು. 'ಅಮ್ಮ ಏನೂ ಹೇಳೇ ಇಲ್ವಲ್ಲ ಮೇಡಂ' ಅಂದ. ಹೇಳಿರುವುದಿಲ್ಲ. ಎಂಟು ಪ್ರಶ್ನೆ ಅವನಿಗೂ ಕೇಳಿದ್ದರೆ ಅವನದೂ ನಾಲ್ಕೈದು ಹೌದು ಬರುತ್ತಿತ್ತೋ ಏನೋ.

ಕಾರ್ಡ್ ಬೇರೆ ಮಾಡಿಸುವ ದಾರಿ ವಿಚಾರಿಸಿದೆ. ಆ ಕಾರ್ಡಿನಿಂದ ಅಜ್ಜಿಯ ಹೆಸರು ತೆಗೆಸಬೇಕು, ಯಜಮಾನಿ ಎಂದು ಸೊಸೆಯ ಹೆಸರು ಮಾಡಿಸಬೇಕು, ಅಜ್ಜಿಗೆ ಆದಾಯ ಪ್ರಮಾಣಪತ್ರ ಬೇಕು, ಹೊಸ ಅರ್ಜಿ ಕರೆದಾಗ ಹಾಕಬೇಕು, ಆಹಾರ ನಿರೀಕ್ಷಕರು ಬಂದು ನೋಡಬೇಕು. ದಿಕ್ಕಿಲ್ಲದ ವೃದ್ಧರಿಗೆ, ಒಂಟಿ ಹೆಂಗಸರಿಗೆ ಅಂತ್ಯೋದಯ ಕೊಡಬೇಕೆಂಬ ನಿಯಮವೂ ಇದೆ, 35 ಕೆಜಿ. ಆದರೆ ಆ ಕಾರ್ಡುಗಳ ಸಂಖ್ಯೆಗೆ ಮಿತಿ ಇದೆ, ಮಗ ಇರುವಾಗ ದಿಕ್ಕಿಲ್ಲದವಳು ಅಂತ ಬರೆಯುವವರು ಯಾರು? ಇಷ್ಟೆಲ್ಲ ವಿವರಿಸಿದ್ದಕ್ಕೆ ಅಜ್ಜಿ ಒಂದೇ ಮಾತಿನಲ್ಲಿ ಮುಗಿಸಿದಳು. 'ಮಗನ್ ಕಾರ್ಡ್ ಒಡಿಯಾದ್ ಬ್ಯಾಡ ಬುಡವ್ವ.' ಹೆಸರು ತೆಗೆಸಿದರೆ ಅಲ್ಲಿ ಹತ್ತು ಕೆಜಿ ಕಮ್ಮಿಯಾಗುತ್ತೆ, ಗೃಹಲಕ್ಷ್ಮಿ ಎಲ್ಲಿ ನಿಂತು ಹೋಗುತ್ತೋ, ಊರವರು ಮಗ ಬೇರೆ ಹಾಕಿದ ಅನ್ನುತ್ತಾರೋ. ಮೂರೂ ಅವಳಿಗೆ ಹೊಟ್ಟೆ ಉರಿಗಿಂತ ದೊಡ್ಡ ವಿಷಯ.

ಗೌರಿ ಹಬ್ಬಕ್ಕೆ ಬಂದಾಗ ಮಗ ಹತ್ತು ಕೆಜಿ ಅಕ್ಕಿ ತಂದುಕೊಟ್ಟನಂತೆ. ಸರ್ಕಾರದ ಅಕ್ಕಿ ಬೆಂಗಳೂರಿಗೆ ಹೋಗಿ, ಬಸ್ಸಿನಲ್ಲಿ ಚೀಲ ಹೊತ್ತು ಮಧುಗಿರಿಗೆ ವಾಪಸ್. ಫೋನಿನಲ್ಲಿ ಅಜ್ಜಿ 'ಅಕ್ಕಿ ಕೊಟ್ಟು ರಾಗಿ ಇಸ್ಕಂಡೆ' ಅಂದಳು.

ಅಜ್ಜಿಯಿಂದಾಚೆ ನಾನು ಪ್ರಶ್ನೆ ಕೇಳುವ ರೀತಿಯೇ ಬೇರೆಯಾಯಿತು. ಮನೆಯ ಲೆಕ್ಕ ಬಿಟ್ಟು ಒಬ್ಬೊಬ್ಬರ ತಟ್ಟೆಯ ಲೆಕ್ಕ ಕೇಳತೊಡಗಿದೆ. ಒಂದೇ ಮನೆಯಲ್ಲಿ ಮಕ್ಕಳ ಸ್ಥಿತಿ ಬೇರೆ, ತಾಯಿಯ ಸ್ಥಿತಿ ಬೇರೆ. ಶಾಲೆಗೆ ಹೋಗುವ ಮಗುವಿಗೆ ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ ಆದೇಶಿಸಿದ್ದರಿಂದ ದೇಶಕ್ಕೆಲ್ಲ ಬಂದ ಊಟ ಅದು. 2023ರಲ್ಲಿ ರಾಜ್ಯದ 223 ತಾಲ್ಲೂಕು ಬರ ಎಂದು ಘೋಷಣೆಯಾದಾಗ ಮುಂದಿನ ಬೇಸಿಗೆ ರಜೆಯಲ್ಲೂ ಬಡಿಸಿದರು. ಘೋಷಣೆ ಇಲ್ಲದ ವರ್ಷ ರಜೆ ಅಂದರೆ ಆ ಊಟಕ್ಕೂ ರಜೆ. ಬೇಸಿಗೆಯಲ್ಲಿ ಮನೆಯ ಅಕ್ಕಿ ಬೇಗ ಮುಗಿಯುತ್ತೆ ಎಂದು ತಾಯಂದಿರು ಹೇಳುತ್ತಿದ್ದುದರ ಅರ್ಥ ಇದು. ಎಷ್ಟೋ ಮನೆಗಳಲ್ಲಿ ಹುಡುಗರನ್ನು ಹಾಸ್ಟೆಲ್ಲಿಗೆ, ಸಿದ್ಧಗಂಗೆಗೆ ಬಿಟ್ಟಿದ್ದರು. ಓದಿಗೆ ಎಂದು ಬರೆಸಿದರೂ, 'ಮಠದಾಗಿದ್ರೆ ಹೊತ್ತೊತ್ತಿಗೆ ಪ್ರಸಾದ ಆಗ್ತೈತೆ' ಎಂಬ ಮಾತು ಹಿಂದೆಯೇ ಬರುತ್ತಿತ್ತು. ಹತ್ತು ಸಾವಿರ ಮಕ್ಕಳಿಗೆ ಅನ್ನ ಇಕ್ಕುವ ದಾಸೋಹವನ್ನು ನಮ್ಮ ಫಾರಂನ 'ನೆರವು' ಎಂಬ ಪಟ್ಟಿಯಲ್ಲಿ ಯಾರೂ ಸೇರಿಸಿರಲಿಲ್ಲ. ಹಾಸ್ಟೆಲ್ಲಿನ ಮಗು ಮನೆಯ ಸದಸ್ಯನೇ ಅಲ್ಲ ಎಂಬುದು ಫಾರಂನ ನಿಯಮ. ಮಗು ಹಾಸ್ಟೆಲ್ಲಿಗೆ ಹೋದ ಕಾರಣವೇ ಆ ಮನೆಯ ಹಿಟ್ಟಿನ ಡಬ್ಬ ಅನ್ನುವುದು ಎಲ್ಲಿ ದಾಖಲಾಗಬೇಕು?

ತುಮಕೂರಿನಲ್ಲಿ ಎಲ್ಲ ತಂಡಗಳ ಸಭೆ ನಡೆದಾಗ ಇದೇ ಜಗಳ. ಅಜ್ಜಿಯ ಒಪ್ಪತ್ತನ್ನು ನಾನು ಹೌದು ಎಂದು ಒತ್ತಿದ್ದೆ. ವ್ರತಕ್ಕೆ ಊಟ ಬಿಟ್ಟರೆ ಅದು ಹಸಿವಿನ ಲೆಕ್ಕಕ್ಕೆ ಬರುವುದಿಲ್ಲ, ಪ್ರಶ್ನೆಯಲ್ಲೇ 'ದುಡ್ಡಿಲ್ಲದ ಕಾರಣಕ್ಕೆ' ಎಂದಿದೆಯಲ್ಲ ಎಂದರು ಮೇಲ್ವಿಚಾರಕರು. ಅವರ ಮಾತು ನಿಯಮಕ್ಕೆ ಸರಿ. ಪಾವಗಡದ ತಂಡದಲ್ಲಿದ್ದ ಹುಡುಗನೂ ಎದ್ದ. ಅವನು ಹೋದ ತೆಲುಗು ಮಾತಾಡುವ ಮನೆಗಳಲ್ಲೂ ವಯಸ್ಸಾದ ಹೆಂಗಸರ ಒಪ್ಪತ್ತುಗಳು ತಿಂಗಳ ಕೊನೆಗೆ ಹೆಚ್ಚಾಗುತ್ತವಂತೆ. ದೇವರಿಗೆ ತಾರೀಖು ನೋಡುವ ಅಭ್ಯಾಸ ಇದೆಯಾ ಸಾರ್ ಅಂದ. ಎಲ್ಲರೂ ನಕ್ಕರು, ಆದರೆ ಮಾತು ನಾಟಿತು.

ಎಂಟು ಪ್ರಶ್ನೆಗಳನ್ನು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಬೇರೆ ದೇಶಗಳ ಜೊತೆ ಹೋಲಿಸಲು ಬರುವುದಿಲ್ಲ. ಕೊನೆಗೆ ಅವುಗಳ ಹಿಂದೆ ಒಂದು ಪುಟ ಸೇರಿಸಲು ಒಪ್ಪಿದರು. ಒಪ್ಪತ್ತು ಎಂದವರಿಗೆ, ಆ ದಿನ ಮನೆಯಲ್ಲಿ ಎಷ್ಟು ಹಿಟ್ಟು ಇತ್ತು. ಕಾರ್ಡ್ ಇದೆ ಎಂದವರಿಗೆ, ಆ ಅಕ್ಕಿ ಯಾವ ಊರಿನ ಒಲೆಯಲ್ಲಿ ಬೇಯುತ್ತೆ. ಹಾಸ್ಟೆಲ್ಲಿನಲ್ಲಿ ಮಕ್ಕಳಿದ್ದರೆ, ಯಾಕೆ ಬಿಟ್ಟಿರಿ. ಮತ್ತೆ, ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ನಿನ್ನೆ ಅವರ ಪಾಲಿಗೆ ಏನು ಉಳಿದಿತ್ತು. ಇದರಿಂದ ಒಂದೊಂದು ಮನೆಗೆ ಇಪ್ಪತ್ತು ನಿಮಿಷ ಹೆಚ್ಚು ಹಿಡಿಯುತ್ತೆ, ದಿನದ ಟಾರ್ಗೆಟ್ ಕಮ್ಮಿ ಮಾಡಿ ಎಂದು ಕೇಳಿದ್ದೇವೆ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಮುಂದಿನ ಸುತ್ತು ಆಷಾಢದಲ್ಲಿ.